ಹೊರಹಾಕುವವರು ಯಾರು, ಅದನ್ನು ಬರೆಯಿರಿ

ಪ್ರಿಯ ಮಿತ್ರರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಡ್ರೈವರ್ ಮತ್ತು ಮೆಮೊರಿ’ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಎರಡು ಸಾಲು ನನ್ನನ್ನು ಕೆರಳಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: ‘ಗ್ರಾಫಿಕ್ಸ್ ಮೆಮೊರಿ ತುಂಬಿದಾಗ ಹಳೆಯ ಡೇಟಾವನ್ನು ಹೊರಹಾಕಲಾಗುತ್ತದೆ.’ ಹೊರಹಾಕುವವರು ಯಾರು? ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರೋ, ಆಪರೇಟಿಂಗ್ ಸಿಸ್ಟಮ್ಮೋ? ಯಾರ ಹೊಣೆ ಎಷ್ಟು ಅಂತ ಹೇಳಲು ಹೊರಟ ಲೇಖನದಲ್ಲೇ ಕರ್ತೃವಿಲ್ಲದ ವಾಕ್ಯ ಬಂದರೆ ಓದುಗರಿಗೆ ಉಳಿಯುವುದೇನು?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಕೆಲಸ ಬಹುಮಟ್ಟಿಗೆ ಆಯಾ ಕಾರ್ಡಿನ ಡ್ರೈವರ್‌ನದೇ ಆಗಿತ್ತು. 2007ರಲ್ಲಿ ವಿಸ್ಟಾ ಮಾರುಕಟ್ಟೆಗೆ ಬಂತು. ಅದರ ಡಬ್ಲ್ಯುಡಿಡಿಎಂ ಎಂಬ ಹೊಸ ಗ್ರಾಫಿಕ್ಸ್ ಡ್ರೈವರ್ ಏರ್ಪಾಡಿನಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ವಿಂಡೋಸ್‌ನ ವಿಡಿಯೊ ಮೆಮೊರಿ ಮ್ಯಾನೇಜರ್ ಪಾಲಿಗೆ ಹೋಯಿತು. ಡೆಸ್ಕ್‌ಟಾಪೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡತೊಡಗಿತ್ತು. ಹಲವು ಪ್ರೋಗ್ರಾಮ್‌ಗಳು ಒಂದೇ ಮೆಮೊರಿಗೆ ಮುಗಿಬೀಳುವಾಗ ಎಲ್ಲರ ಲೆಕ್ಕ ಇಟ್ಟವರೇ ಹಂಚಬೇಕು. ಹಾಗಂತ ಡ್ರೈವರ್ ಕೈಕಟ್ಟಿ ಕೂರುವುದಿಲ್ಲ. ಕಾರ್ಡಿನಲ್ಲಿ ಯಾವ್ಯಾವ ಮೆಮೊರಿ ವಿಭಾಗಗಳಿವೆ, ಯಾವ ಡೇಟಾಕ್ಕೆ ಯಾವುದು ಒಗ್ಗುತ್ತದೆ ಅಂತ ಮೊದಲೇ ತಿಳಿಸುವುದು ಅದೇ. ತೀರ್ಮಾನವಾದ ಮೇಲೆ, ಡೇಟಾ ಸಾಗಿಸುವ ಆಜ್ಞೆಗಳನ್ನು ಹಾರ್ಡ್‌ವೇರ್‌ಗೆ ಅರ್ಥವಾಗುವಂತೆ ಕಟ್ಟಿಕೊಡುವುದೂ ಅದೇ. ಇಷ್ಟೆಲ್ಲ ನಿಮ್ಮ ಒಂದು ‘ಹೊರಹಾಕಲಾಗುತ್ತದೆ’ಯಲ್ಲಿ ಮುಳುಗಿಹೋಗಿದೆ.

ಶಿವಮೊಗ್ಗದ ಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಮಳೆಗಾಲದಲ್ಲಿ ‘ಕಾಲುಸಂಕವನ್ನು ದುರಸ್ತಿ ಮಾಡಲಾಗುವುದು’ ಎಂಬಂಥ ಹೇಳಿಕೆಗಳು ರಾಶಿ ಬರುತ್ತಿದ್ದವು. ಅವರು ಆ ಸಾಲಿಗೆ ಕೆಂಪು ಸುತ್ತು ಹಾಕಿ ಫೋನನ್ನು ನಮ್ಮ ಕಡೆ ತಳ್ಳುತ್ತಿದ್ದರು: ‘ಯಾರು ಮಾಡೋದು, ಪಂಚಾಯ್ತಿನಾ, ಪಿಡಬ್ಲ್ಯುಡಿನಾ? ಕೇಳ್ರಿ.’ ಉತ್ತರ ಸಿಗುವ ತನಕ ಸುದ್ದಿ ಪುಟಕ್ಕೆ ಹೋಗುತ್ತಿರಲಿಲ್ಲ. ಎಷ್ಟೋ ಸಲ ಎರಡೂ ಕಚೇರಿಯವರು ‘ನಮ್ಮದಲ್ಲ’ ಅನ್ನುತ್ತಿದ್ದರು. ಆಗ ಅದೇ ಸುದ್ದಿಯಾಗುತ್ತಿತ್ತು. ಅಂದಿನಿಂದ ‘ಲಾಗುವುದು’ ಕಂಡರೆ ನನ್ನ ಪೆನ್ನು ತಾನಾಗಿ ನಿಲ್ಲುತ್ತದೆ.

ಎರಡನೆಯ ಸಾಲು ಇನ್ನೂ ಅಪಾಯದ್ದು: ‘ಡಿಎಂಎಗೆ ಮ್ಯಾಪ್ ಆದ ಬಫರನ್ನು ಎರಡೂ ಕಡೆಯಿಂದ ಬಳಸಬಹುದಾಗಿದೆ.’ ಡಿಎಂಎ ಅಂದರೆ ಪ್ರೊಸೆಸರ್ ನಡುವೆ ಬರದೆ ಸಾಧನವೇ ನೇರವಾಗಿ ಮೆಮೊರಿಯನ್ನು ಓದುವುದು, ಬರೆಯುವುದು. ಬಫರ್ ಅಂದರೆ ಆ ಡೇಟಾ ಇಡುವ ಮೆಮೊರಿಯ ತುಂಡು, ಮ್ಯಾಪ್ ಅಂದರೆ ಅದನ್ನು ಸಾಧನಕ್ಕೆ ಒಪ್ಪಿಸುವುದು. ನೀವು ಉದಾಹರಿಸಿದ್ದು ಲಿನಕ್ಸ್‌ನ ಡಿಎಂಎ-ಮ್ಯಾಪ್-ಸಿಂಗಲ್ ಎಂಬ ಫಂಕ್ಷನ್. ಅಲ್ಲಿ ಇದು ತಪ್ಪು. ಮ್ಯಾಪ್ ಆದ ಕ್ಷಣದಿಂದ ಬಫರ್ ಸಾಧನದ ಸ್ವತ್ತು. ಅನ್‌ಮ್ಯಾಪ್ ಮಾಡಿ ಹಿಂದಕ್ಕೆ ಪಡೆಯುವ, ಇಲ್ಲವೇ ಸಿಂಕ್ ಮಾಡಿ ತಾತ್ಕಾಲಿಕವಾಗಿ ಕೈಗೆ ತೆಗೆದುಕೊಳ್ಳುವ ತನಕ ಡ್ರೈವರ್ ಅದನ್ನು ಮುಟ್ಟಬಾರದು. ಮುಟ್ಟಿದರೆ ಪ್ರೊಸೆಸರ್ ತನ್ನ ಬಳಿಯ ವೇಗದ ಮೆಮೊರಿಯಾದ ಕ್ಯಾಶೆಯಲ್ಲಿರುವ ಹಳೆಯ ಡೇಟಾವನ್ನೇ ಓದಬಹುದು. ಮಾಮೂಲಿ ಪಿಸಿಯಲ್ಲಿ ಕ್ಯಾಶೆಯನ್ನು ಹಾರ್ಡ್‌ವೇರೇ ಸರಿದೂಗಿಸುವುದರಿಂದ ಈ ತಪ್ಪು ಅಡಗಿರುತ್ತದೆ, ಅಗ್ಗದ ಆರ್ಮ್ ಪ್ರೊಸೆಸರ್ ಬೋರ್ಡುಗಳಲ್ಲಿ ಹೊರಬೀಳಬಹುದು. ಪಿಸಿಯಲ್ಲೂ ಪೂರ್ತಿ ನಂಬುವಂತಿಲ್ಲ. ಸಾಧನಕ್ಕೆ 32 ಬಿಟ್ ವಿಳಾಸದವರೆಗೆ ಮಾತ್ರ ಕೈ ಎಟುಕುತ್ತದೆ ಅಂತ ಡ್ರೈವರ್ ಹೇಳಿ, ಬಫರ್ ಅದರಾಚೆ ಇದ್ದರೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ನಡುವೆ ಬೇರೊಂದು ಬಫರ್ ಇಟ್ಟಿರಬಹುದು. ಬಂದ ಡೇಟಾ ನಿಮ್ಮ ಬಫರಿಗೆ ನಕಲಾಗುವುದೇ ಸಿಂಕ್ ಅಥವಾ ಅನ್‌ಮ್ಯಾಪ್ ಆದಾಗ. ಎರಡೂ ಕಡೆಯವರು ಬಳಸುವ ಮೆಮೊರಿ ಬೇಕಿದ್ದರೆ ಅದಕ್ಕೆ ಕೋಹೆರೆಂಟ್ ಅಲೊಕೇಶನ್ ಬೇರೆಯೇ ಇದೆ. ನಿಮ್ಮ ಸಾಲನ್ನು ನಂಬಿ ಯಾರೋ ಹುಡುಗ ರಾತ್ರಿಯಿಡೀ ಕೋಡ್ ಜಾಲಾಡುತ್ತಾ ಕೂರುವುದು ನನಗೆ ಬೇಡ.

ಎರಡನ್ನೂ ತಿದ್ದಿ ಕಳಿಸಿ. ಎರಡನೆಯದಕ್ಕೆ ಯಾವುದಾದರೂ ನಿಜವಾದ ಡ್ರೈವರ್‌ನಿಂದ ಹತ್ತು ಸಾಲು ಕೋಡ್ ಎತ್ತಿಕೊಂಡು, ಪ್ರತಿ ಸಾಲಿನ ಪಕ್ಕದಲ್ಲೂ ಆಗ ಬಫರ್ ಯಾರ ಕೈಲಿದೆ ಅಂತ ಬರೆಯಿರಿ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಆದರೆ ಒಳ್ಳೆಯದು, ಅಲ್ಲಿ ಬಫರ್ ಕೈ ಬದಲಾಯಿಸುತ್ತಲೇ ಇರುತ್ತದೆ.