ಅರ್ಧ ಕಾಲಂ ಯಾಕೆ, ಎರಡು ಪುಟ ಯಾಕೆ?

ಉಡುಪಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಲ್ಲಿ ನಾಡದೋಣಿ ಮಗುಚಿ ಇಬ್ಬರು ಹೋದರು. ನೀವು ಹಾಕಿದ್ದು ಅರ್ಧ ಕಾಲಂ. ಬಜ್ಪೆಯ ವಿಮಾನ ದುರಂತಕ್ಕೆ ಮಾತ್ರ ಮೇ ಬಂದರೆ ಎರಡು ಪುಟ. ಮೀನು ಹಿಡಿಯುವವರ ಜೀವ ಅಷ್ಟು ಅಗ್ಗವಾ?"

ಅಗ್ಗ ಅಲ್ಲ ಮಾರಾಯ್ರೆ. ಆದರೆ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

ಸತ್ತವರ ಲೆಕ್ಕ ನೋಡಿ ಜಾಗ ಕೊಡುತ್ತೇವೆ ಅಂತ ಜನ ಅಂದುಕೊಂಡಿದ್ದಾರೆ. ಅದು ಅರ್ಧ ನಿಜ. 2010ರ ಮೇ 22ರಂದು ದುಬೈಯಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಬಂದ ವಿಮಾನದಲ್ಲಿ 158 ಜನ ತೀರಿಕೊಂಡರು, ಉಳಿದವರು 8 ಮಂದಿ. ಅದನ್ನು ಹಾಕಬೇಕಾ ಬೇಡವಾ ಅಂತ ಯಾರೂ ಯೋಚಿಸಲಿಲ್ಲ. ಯೋಚನೆ ಬಂದದ್ದು ಹೆಸರುಗಳ ವಿಷಯದಲ್ಲಿ. ನಾನಾಗ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ವಿಮಾನ ಬಿದ್ದಾಗ ಬೆಳಿಗ್ಗೆ ಆರು ಗಂಟೆ, ಆ ದಿನದ ಪೇಪರ್ ಅಚ್ಚಾಗಿ ಹೋಗಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನಿಗೆ ಬಿಡುವಿಲ್ಲ. ಪಟ್ಟಿಯಲ್ಲಿದ್ದದ್ದು ಪಾಸ್‌ಪೋರ್ಟಿನ ಹೆಸರು, ಮನೆಯವರು ಕೇಳುತ್ತಿದ್ದದ್ದು ಕರೆಯುವ ಹೆಸರು. "ವಯಸ್ಸು ಎಷ್ಟು ಹಾಕಿದೆ ಸರ್?" ಅಂತ ಒಬ್ಬರು ಕೇಳಿದರು. ಹೇಳಿದೆ. ಆಚೆಯಿಂದ ಮಾತಿಲ್ಲ. ಫೋನ್ ಇಡಲೂ ಇಲ್ಲ. ಮನೆಯವರಿಗೆ ಗೊತ್ತಾಗುವ ಮೊದಲು ಹೆಸರು ಹಾಕಬಾರದು ಅಂತ ನಾನು ಹಟ ಹಿಡಿಯುವುದು ಆ ಫೋನಿನಿಂದಾಗಿ.

ಇನ್ನೊಂದು ಅರ್ಧ ನಿಮಗೆ ಇಷ್ಟವಾಗಲಿಕ್ಕಿಲ್ಲ. ಸುದ್ದಿಗೆ ಒಂದು ಜಾಗ ಬೇಕು, ಒಂದು ಫೋಟೋ ಬೇಕು. ಕಡಲಿನಲ್ಲಿ ಎರಡೂ ಸಿಗುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ ನೆನಪಿದೆಯಲ್ವಾ? ಏಳು ಮಂದಿ ಇದ್ದರು. ಬೋಟ್ ಇಲ್ಲ, ಶವ ಇಲ್ಲ, ನೋಡಲು ನೀರು ಮಾತ್ರ. ನಾವೆಲ್ಲ 'ನಾಪತ್ತೆ' ಅಂತ ಬರೆದೆವು. ಆ ಶಬ್ದಕ್ಕೆ ದೊಡ್ಡ ಅಕ್ಷರ ಸಿಗುವುದೇ ಇಲ್ಲ. ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು ನೋಡಿ, ಆಮೇಲೆ ಬೆಂಗಳೂರಿನ ಕ್ಯಾಮೆರಾಗಳೂ ಈ ಕಡೆ ತಿರುಗಿದವು. ಮನೆಯವರು ರಸ್ತೆಯಲ್ಲಿ ಕುಳಿತರೆ ಫೋಟೋ ಆಗುತ್ತದೆ, ಮನೆಯಲ್ಲಿ ಕಾದರೆ ಆಗುವುದಿಲ್ಲ. ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ನೌಕಾಪಡೆಯವರಿಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇಯಲ್ಲಿ.

ನಿಮ್ಮೂರಿನ ಸುದ್ದಿಗೆ ಬರುತ್ತೇನೆ. ಅದು ಬಂದದ್ದು ಪುಟ ಕಟ್ಟುವ ರಾತ್ರಿ, ಹತ್ತು ಗಂಟೆ ಮೇಲೆ. ಯಾರೋ ದಡದ ಮೇಲೆ ಶವ ಎಳೆಯುವ ವಿಡಿಯೋ ಕಳಿಸಿದ್ದರು. ಅದರಿಂದ ಫೋಟೋ ತೆಗೆದು ಹಾಕಲಿಲ್ಲ, ಅದರ ಬಗ್ಗೆ ಬೇಸರ ಇಲ್ಲ. ಆದರೆ ಒಂದು ಜಾಹೀರಾತು ಮುಂದಿನ ವಾರಕ್ಕೆ ಹಾಕಿ ಜಾಗ ಮಾಡಬಹುದಿತ್ತು. ಮಾಡಲಿಲ್ಲ. ಮರುವಾರವಾದರೂ ದೋಣಿ ಯಾಕೆ ಮಗುಚಿತು, ನದಿ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿತ್ತಾ, ಲೈಫ್ ಜಾಕೆಟ್ ಇತ್ತಾ, ಪರಿಹಾರದ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಬೇಕಿತ್ತು. ಅದನ್ನೂ ಕೇಳಲಿಲ್ಲ. ಅರ್ಧ ಕಾಲಮ್ಮಿಗಿಂತ ದೊಡ್ಡ ತಪ್ಪು ಇದು.

ಈ ವಾರ ನಮ್ಮ ವರದಿಗಾರರು ನಿಮ್ಮೂರಿಗೆ ಬರುತ್ತಾರೆ. ಅದಕ್ಕೆ ಮೊದಲು ನೀವು ಆ ಎರಡು ಮನೆಯವರನ್ನು ಒಂದು ಮಾತು ಕೇಳಿ. ಅವರು ಬೇಡ ಅಂದರೆ ಸುಮ್ನೆ ಬಾಗಿಲು ತಟ್ಟುವುದಿಲ್ಲ, ಅಳಿವೆಯನ್ನಷ್ಟೇ ನೋಡಿಕೊಂಡು ಬರುತ್ತಾರೆ.

— ಸಂ.