ಆಪ್ತಸಲಹೆ ಪ್ರಕರಣ: ಮಾತಾಡದ ಮಿಸ್

ಆಕೆಯನ್ನು ಇಲ್ಲಿ ಶಾಂಭವಿ ಅಂತ ಕರೆಯುತ್ತೇನೆ. ಅದು ನಮ್ಮ ಕಡೆಯ ಹೊಳೆಯ ಹೆಸರು, ಆಕೆಯದ್ದಲ್ಲ. ಊರು, ಮನೆಯ ವಿವರ ಒಂದಷ್ಟು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಉಂಟು.

ವಯಸ್ಸು 23. ಮೂಡುಬಿದಿರೆ ಕಡೆಯ ಹಳ್ಳಿ. ಮನೆಯಲ್ಲಿ ತುಳು, 10ನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ಈಗ ಮಂಗಳೂರಿನಲ್ಲಿ ನರ್ಸರಿ ಟೀಚರ್ ಟ್ರೇನಿಂಗ್. ಅಮ್ಮ ಬೀಡಿ ಕಟ್ಟುತ್ತಾರೆ. ಫೀಸಿಗೆ ಸಂಘದಲ್ಲಿ ಸಾಲ ತೆಗೆದಿದ್ದಾರೆ. ಈ ಸಾಲದ ವಿಷಯವನ್ನು ಮೊದಲ ದಿನವೇ ಮೂರು ಸಲ ಹೇಳಿದಳು.

ಬಂದದ್ದು ಹೊಟ್ಟೆನೋವಿನ ಕಾರಣಕ್ಕೆ. ಭಾನುವಾರ ಸಂಜೆ ಶುರು, ಸೋಮವಾರ ಬೆಳಿಗ್ಗೆ ಜಾಸ್ತಿ, ಶುಕ್ರವಾರ ಸಂಜೆ ಮಾಯ. ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದು ನನ್ನ ಹತ್ತಿರ ಕಳಿಸಿದ್ದರು.

ನಡೆದದ್ದು ಇಷ್ಟು. ಟೀಚಿಂಗ್ ಪ್ರಾಕ್ಟೀಸಿಗೆ ಆಕೆಯನ್ನು ಒಂದು ಇಂಗ್ಲಿಷ್ ಮೀಡಿಯಂ ನರ್ಸರಿಗೆ ಹಾಕಿದ್ದರು. ಒಬ್ಬ ಹುಡುಗ ಬಾಟಲಿಯ ನೀರನ್ನು ನೆಲಕ್ಕೆ ಸುರಿಯುತ್ತಿದ್ದ. "ಡೋಂಟ್ ಪುಟ್ ವಾಟರ್" ಅಂದಳು. ಬಾಗಿಲಲ್ಲಿ ಇಬ್ಬರು ತಾಯಂದಿರು ನಿಂತಿದ್ದರು. ಅವರ ಎದುರೇ ಮೇಲ್ವಿಚಾರಕಿ, "ಪುಟ್ ಅಲ್ಲ, ಪೋರ್. ನೀವು ಮೊದಲು ಕಲಿತು ಬನ್ನಿ, ಆಮೇಲೆ ಕಲಿಸಿ" ಅಂದರು. ತಾಯಂದಿರು ನಕ್ಕರೋ ಇಲ್ಲವೋ, ಆಕೆಗೆ ನೆನಪಿಲ್ಲ. ನಕ್ಕ ಹಾಗೆ ಕೇಳಿಸಿತು, ಅಷ್ಟೆ.

ಮರುದಿನದಿಂದ ಬಾಯಿ ಕಟ್ಟಿತು. ಬೆರಳಿನಲ್ಲಿ ತೋರಿಸುವುದು, ತಲೆ ಆಡಿಸುವುದು, ಚಪ್ಪಾಳೆ ತಟ್ಟುವುದು. ಮಕ್ಕಳು ಇಟ್ಟ ಹೆಸರು 'ಮಾತಾಡದ ಮಿಸ್'.

ಇಷ್ಟನ್ನು ಆಕೆ ಅಳದೆಯೇ ಹೇಳಿದಳು. ಅತ್ತದ್ದು ಬೇರೆ ಕಡೆ. ಒಂದು ದಿನ ಜಾರುಬಂಡಿಯ ಹತ್ತಿರ ಪುಟ್ಟ ಹುಡುಗಿಯೊಬ್ಬಳು ಬಿದ್ದು ಮೊಣಕಾಲು ತರಚಿಕೊಂಡಳು. ಅವಳ ಮನೆಯಲ್ಲೂ ತುಳು. ಬೇರೆ ಎಲ್ಲಾದರೂ ಆಗಿದ್ದರೆ ಶಾಂಭವಿ ಓಡಿಹೋಗಿ, "ದಾದ ಆಂಡ್ ಬಾಲೆ?" (ಏನಾಯ್ತು ಮಗು?) ಅಂತ ಎತ್ತಿಕೊಳ್ಳುತ್ತಿದ್ದಳು. ಅಲ್ಲಿ ತುಳು ಆಡಿದರೆ ತಪ್ಪು, ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ಮೇಡಂ, ನಾನು ಸುಮ್ನೆ ನಿಂತಿದ್ದೆ. ಆಯಾ ಬಂದು ಎತ್ತಿಕೊಂಡರು."

ನಿದ್ದೆ, ಊಟ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಕೇಳಲು ನಾನು ಸಂಕೋಚಪಡುವುದಿಲ್ಲ. ಇಲ್ಲ ಅಂದಳು, ಅದು ನಿಜ ಅಂತಲೂ ಅನಿಸಿತು. ಕೋರ್ಸ್ ಬಿಟ್ಟುಬಿಡುವ ಯೋಚನೆ ಮಾತ್ರ ದಿನಾ ಬರುತ್ತಿತ್ತು.

ಬೇರೆ ಭಾಷೆಯ ತರಗತಿಯಲ್ಲಿ ಮಾತ್ರ ಹಿಡಿದುಕೊಳ್ಳುವ ಈ ಹೆದರಿಕೆ ಹೊಸತಲ್ಲ. ಅದನ್ನು ಅಳೆಯುವುದಕ್ಕೆಂದೇ 1986ರಲ್ಲಿ ಅಮೆರಿಕದ ಇಲೇನ್ ಹಾರ್ವಿಟ್ಜ್ ಮತ್ತು ಜೊತೆಗಾರರು 33 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದ್ದರು. ಅದು ಭಾಷೆ ಕಲಿಯುವವರಿಗಾಗಿ ಮಾಡಿದ್ದು. ಶಾಂಭವಿಯ ಪಾಡು ಇನ್ನೂ ಕಷ್ಟದ್ದು. ಕಲಿಯುವವಳೂ ಅವಳೇ, ಕಲಿಸಬೇಕಾದವಳೂ ಅವಳೇ.

ಮೊದಲ ವಾರ ನಾನು ಕೊಟ್ಟ ಸಲಹೆ ಕೆಟ್ಟದ್ದಾಗಿತ್ತು. ಕನ್ನಡಿ ಮುಂದೆ ನಿಂತು 10 ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಅಂದಿದ್ದೆ. ಎಲ್ಲರೂ ಹೇಳುವ ಮಾತು ಅದು, ನಾನೂ ಹೇಳಿಬಿಟ್ಟೆ. ಮುಂದಿನ ವಾರ ಇನ್ನೂ ಕುಗ್ಗಿ ಬಂದಳು. ಮೊದಲೇ ಎಲ್ಲರೂ ನೋಡುತ್ತಿದ್ದಾರೆ ಅನ್ನುವ ಭಯ. ನಾನು ಮನೆಯಲ್ಲೂ ಒಬ್ಬಳನ್ನು ನೋಡಲು ನಿಲ್ಲಿಸಿದ ಹಾಗಾಯಿತು.

ಆವತ್ತು ಆಕೆಯ ಇಂಗ್ಲಿಷ್ ನೋಟ್ಸ್ ತರಿಸಿ ನೋಡಿದೆ. ಈ ಕೆಲಸಕ್ಕೆ ಬರುವ ಮೊದಲು ನಾನು ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ, ಹಾಗಾಗಿ ಕುತೂಹಲ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡಿ, ಡೈರೆಕ್ಟ್ ಸ್ಪೀಚನ್ನು ಇಂಡೈರೆಕ್ಟ್ ಮಾಡಿ. ಪುಟಗಟ್ಟಲೆ. ಹೆಚ್ಚಿನದಕ್ಕೂ ಸರಿ ಗುರುತು ಬಿದ್ದಿತ್ತು. 'ದ ಮ್ಯಾಂಗೋ ವಾಸ್ ಈಟನ್ ಬೈ ರವಿ' ಅಂತ ತಪ್ಪಿಲ್ಲದೆ ಬರೆಯುವ ಹುಡುಗಿ 'ಯಾರಿಗೆ ನೀರು ಬೇಕು' ಅಂತ ಕೇಳಲಾರದೆ ನಿಂತಿದ್ದಳು.

ನಾನು ಕೇಳಿದೆ: "ನೀವು ಬರುವ ಬಸ್ಸಿನ ಕಂಡಕ್ಟರ್ ದಿನಕ್ಕೆ ಎಷ್ಟು ವಾಕ್ಯ ಹೇಳ್ತಾರೆ?"

ಮುಖ ಮುಖ ನೋಡಿದಳು. "ಎಂತ ಮೇಡಂ?"

"ಲೆಕ್ಕ ಹಾಕಿ ಬನ್ನಿ."

ಲೆಕ್ಕ ಹಾಕಿಕೊಂಡೇ ಬಂದಳು. ಮೂಡುಬಿದಿರೆಯಿಂದ ಮಂಗಳೂರಿಗೆ ಕಂಡಕ್ಟರ್ ಹೇಳಿದ್ದು 11 ವಾಕ್ಯ. ಹಿಂದೆ ಹೋಗಿ, ಚಿಲ್ಲರೆ ಕೊಡಿ, ಎಲ್ಲಿಗೆ, ರೈಟ್ ಪೋಯಿ... ಅವೇ ತಿರುಗಿ ತಿರುಗಿ. ಅಷ್ಟರಲ್ಲೇ ಇಡೀ ಬಸ್ಸು ನಡೆಯುತ್ತದೆ. ಹೇಳುವಾಗ ಮೊದಲ ಸಲ ನಕ್ಕಳು.

ಮುಂದಿನ ಕೆಲಸ, ತರಗತಿಯಲ್ಲಿ ಮುಖ್ಯ ಟೀಚರ್ ಹೇಳುವ ವಾಕ್ಯಗಳ ಲೆಕ್ಕ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ 43 ಸಿಕ್ಕಿತು. ಇಬ್ಬರೂ ಕೂತು ವಿಂಗಡಿಸಿದೆವು. ಅರ್ಧಕ್ಕಿಂತ ಜಾಸ್ತಿ 'ಮಾಡು' ಅನ್ನುವಂಥವು: ಕೂತ್ಕೋ, ಸಾಲಾಗಿ ನಿಲ್ಲು, ಕ್ರೆಯಾನನ್ನು ಡಬ್ಬಿಗೆ ಹಾಕು. ಇಂಗ್ಲಿಷಿನಲ್ಲಿ ಇದಕ್ಕಿಂತ ಸುಲಭದ ರೂಪ ಇನ್ನೊಂದಿಲ್ಲ. ಕರ್ತೃ ಬೇಡ, ಕಾಲ ಬೇಡ, ಕ್ರಿಯಾಪದದಿಂದ ಶುರುಮಾಡಿದರೆ ಆಯಿತು. ಆಮೇಲೆ ಹೂ, ಹೂಸ್, ವೇರ್ ಪ್ರಶ್ನೆಗಳು. ಆಮೇಲೆ 'ಯೂ ಆರ್ ಡ್ರಾಯಿಂಗ್ ಎ ಬೋಟ್' ಅಂತ, ಮಗು ಮಾಡುತ್ತಿರುವುದನ್ನು ಮಗುವಿಗೇ ಹೇಳುವ ಮಾತು. ಪ್ಯಾಸಿವ್ ಒಂದೂ ಇರಲಿಲ್ಲ.

ಹಾಗಂತ ವ್ಯಾಕರಣ ಬೇಡ ಅಂತ ನಾನು ಹೇಳಲಿಲ್ಲ. ಕೆಲವು ನರ್ಸರಿಗಳಲ್ಲಿ "ಬೇಬಿ ಕಮ್, ಸಿಟ್, ಟಿಫಿನ್ ಈಟ್" ಅಂತ ತುಂಡು ತುಂಡು ಇಂಗ್ಲಿಷ್ ಕೇಳಿದ್ದೇನೆ. ಮಗು ಅದನ್ನೇ ಕಲಿಯುತ್ತದೆ. ಚಿಕ್ಕ ವಾಕ್ಯವಾದರೂ ಪೂರ್ತಿ ಇರಬೇಕು, ಸರಿ ಇರಬೇಕು. ಮೇಲ್ವಿಚಾರಕಿ ತಿದ್ದಿದ ಶಬ್ದ ಸರಿಯೇ. ತಿದ್ದಿದ ಜಾಗ ಸರಿಯಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡಲು ಶಾಂಭವಿಗೆ ಎರಡು ವಾರ ಹಿಡಿಯಿತು. ನನ್ನ ಕೆಲಸದ ದೊಡ್ಡ ಪಾಲು ಇದೇ ಆಗಿತ್ತು. ಗೊತ್ತಿಲ್ಲದ್ದು ಒಂದು, ಅದರ ನಾಚಿಕೆ ಇನ್ನೊಂದು. ಗೊತ್ತಿಲ್ಲದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕಲಿಯಬಹುದು. ನಾಚಿಕೆ ಹಾಗೆ ಬರೆದರೆ ಹೋಗುವುದಿಲ್ಲ.

ಗೊತ್ತಿಲ್ಲದ್ದರ ಪಟ್ಟಿ ಮಾಡಿದರೆ ಅದು ಆಕೆ ಹೆದರಿದಷ್ಟು ಉದ್ದ ಇರಲಿಲ್ಲ. ಮುಖ್ಯ ಗಂಟು ನಮ್ಮ 'ಹಾಕು'. ಫ್ಯಾನ್ ಹಾಕು, ಬಾಗಿಲು ಹಾಕು, ಶೂ ಹಾಕು, ನೀರು ಹಾಕು, ಬಣ್ಣ ಹಾಕು. ನಮಗೆ ಎಲ್ಲದಕ್ಕೂ ಒಂದೇ ಶಬ್ದ ಸಾಕು. ಇಂಗ್ಲಿಷಿನಲ್ಲಿ ಅದೇ ಐದು ಬೇರೆ ಬೇರೆ: ಸ್ವಿಚ್ ಆನ್, ಶಟ್, ಪುಟ್ ಆನ್, ಪೋರ್, ಕಲರ್. 'ಪುಟ್ ವಾಟರ್' ದಡ್ಡತನದಿಂದ ಬಂದದ್ದಲ್ಲ, ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಬಂದದ್ದು. ಇದನ್ನು ಹೇಳಿದಾಗ ಶಾಂಭವಿ ಕುರ್ಚಿಗೆ ಒರಗಿ ಕೂತಳು. ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

ಎರಡನೆಯದು 'ಡಿಡ್ ಯೂ ವಾಷ್ಡ್'. ಇದಕ್ಕೆ ನಾನು 'ತೊಳೆಯಲಿಲ್ಲ' ಅನ್ನುವ ಶಬ್ದ ಹಿಡಿದೆ. "ನಿನ್ನೆ ಕೈ ತೊಳೆಯಲಿಲ್ಲ ಅಂತೀರಲ್ಲ, ಅದರೊಳಗೆ 'ತೊಳೆದ' ಉಂಟಾ?" ಇಲ್ಲ. ನಿನ್ನೆಯ ಮಾತೇ ಆದರೂ 'ತೊಳೆ' ಮಾತ್ರ ಇದೆ, ಉಳಿದದ್ದನ್ನು ಬಾಲ ನೋಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ 'ಡಿಡ್' ಮಾಡುತ್ತದೆ. ಅದು ಬಂದಮೇಲೆ 'ವಾಷ್' ಬರೀ ವಾಷ್. "ಇಷ್ಟೇಯಾ?" ಅಂದಳು. ಇಷ್ಟೇ.

ಮೂರನೆಯದು ನನಗೆ ಖುಷಿ ಕೊಟ್ಟ ವಿಷಯ, ಸ್ವಲ್ಪ ಎಳೆಯುತ್ತೇನೆ. ಚಿಕ್ಕ ಮಕ್ಕಳ ಟೀಚರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು 'ಲೆಟ್ಸ್'. ಆಜ್ಞೆಯ ಖಾರ ಇಲ್ಲದೆ ಕೆಲಸ ಆಗುತ್ತದೆ. ಶಾಂಭವಿಗೆ ಅದು ಯಾವಾಗ ಬಳಸುವುದು ಅಂತ ಗೊತ್ತಿರಲಿಲ್ಲ. ಆದರೆ ನಮ್ಮ ಕರಾವಳಿ ಕನ್ನಡದಲ್ಲಿ ನಾವು ಹೇಳುವುದೇ ಹಾಗಲ್ವಾ? ಕೈ ತೊಳೆಯುವ ಆಯ್ತಾ, ಈಗ ಊಟ ಮಾಡುವ. ತುಳುವಿನಲ್ಲಂತೂ ಇನ್ನೂ ಚೆಂದ. 'ನಮ' ಅಂದರೆ ಕೇಳುವವರೂ ಸೇರಿದ ನಾವು. 'ಎಂಕುಲು' ಅಂದರೆ ಕೇಳುವವರನ್ನು ಬಿಟ್ಟ ನಾವು. ಕನ್ನಡದ 'ನಾವು'ವಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. 'ಲೆಟ್ಸ್' ಅಂದರೆ ಸರಿಯಾಗಿ ತುಳುವಿನ 'ನಮ'. ನಮ ಪೋಯಿ, ಲೆಟ್ಸ್ ಗೋ. "ನಿಮ್ಮ ತುಳುವಿನಿಂದಲೇ ಇದು ಬೇಗ ಬರ್ತದೆ" ಅಂದೆ. ಶಾಲೆಯಲ್ಲಿ ಅಡಗಿಸಿಡಬೇಕು ಅಂದುಕೊಂಡಿದ್ದ ಭಾಷೆಯನ್ನು ಯಾರೋ ಹೊಗಳಿದ್ದು ಆಕೆಗೆ ಅದೇ ಮೊದಲಂತೆ.

ಇನ್ನು ನಾಚಿಕೆಯ ಕಡೆ. ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ ಅಂತ ತೀರ್ಮಾನಿಸಿದೆವು. ಮೊದಲು ಬಸ್ಸಿನಲ್ಲಿ, ಕೈಕಂಬದಿಂದ ವಾಮಂಜೂರಿನವರೆಗೆ, ತುಟಿ ಮಾತ್ರ ಆಡಿಸಿ 5 ವಾಕ್ಯ. ಆಮೇಲೆ ಅಣ್ಣನ ಮಗಳೊಟ್ಟಿಗೆ ಟೀಚರ್ ಆಟ. ಆಮೇಲೆ ತರಗತಿಯಲ್ಲಿ ಕೈ ತೊಳೆಸುವ ಹೊತ್ತಿಗೆ ಮೂರೇ ವಾಕ್ಯ, ಉಳಿದ ಹೊತ್ತು ಬೆರಳೇ ಇರಲಿ. ಮೂರು ಸಲೀಸಾದ ಮೇಲೆ ತಿಂಡಿಯ ಹೊತ್ತು. ಕೊನೆಗೆ ಗೇಟಿನಲ್ಲಿ ತಂದೆತಾಯಂದಿರು. ಎದೆ ಹೊಡೆದುಕೊಂಡರೆ ಉಸಿರು ನಿಧಾನ ಬಿಡುವುದು, ಎಳೆದುಕೊಂಡದ್ದಕ್ಕಿಂತ ಉದ್ದ. ತಪ್ಪು ಬಂದರೆ ಸಾರಿ ಹೇಳಬಾರದು, ಅದೇ ವಾಕ್ಯವನ್ನು ಸರಿಯಾಗಿ ಇನ್ನೊಮ್ಮೆ ಹೇಳಿ ಮುಂದೆ ಹೋಗಬೇಕು. ಮಗು ತಪ್ಪು ಹೇಳಿದರೆ ಗದರದೆ ಸರಿ ರೂಪವನ್ನು ತಿರುಗಿ ಹೇಳಿ ಅಂತ ಆಕೆಯ ಕೋರ್ಸಿನ ನೋಟ್ಸಿನಲ್ಲೇ ಇತ್ತು. "ಆ ನಿಯಮ ನಿಮಗೂ ಉಂಟು" ಅಂದೆ.

ಬಿದ್ದ ಮಗುವಿನ ವಿಷಯ ಉಳಿದಿತ್ತು. ಅದಕ್ಕೆ ಅಭ್ಯಾಸ ಸಾಲದು, ಅನುಮತಿ ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದ್ದನ್ನು ಒಂದೇ ಹಂತ ಅಂತ ನೋಡುತ್ತದೆ. ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕು ಅನ್ನುತ್ತದೆ. ಶಾಂಭವಿ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ತನಗೆ ಸಂಬಂಧಪಟ್ಟದ್ದು ಅಂತ ಹೊಳೆದಿರಲಿಲ್ಲ. ಆದರೂ ಅದನ್ನು ಹಿಡಿದು ಶಾಲೆಯ ಹತ್ತಿರ ಜಗಳಕ್ಕೆ ಹೋಗಬೇಡಿ ಅಂದೆ. ಟ್ರೇನಿಂಗಿಗೆ ಬಂದವಳು, ಸಾಲ ಬೇರೆ ಇದೆ. ಮುಖ್ಯಸ್ಥೆಯ ಹತ್ತಿರ ಒಂದೇ ಪ್ರಶ್ನೆ ಕೇಳಿ, ಕನ್ನಡದಲ್ಲೇ ಕೇಳಿ: ಅಳುವ ಮಗುವನ್ನು ಅದರ ಮನೆಮಾತಿನಲ್ಲಿ ಸಮಾಧಾನ ಮಾಡಬಹುದಾ?

ಕೇಳಲು ಎಂಟು ದಿನ ತೆಗೆದುಕೊಂಡಳು. ಅವರು ಫೈಲಿನಿಂದ ತಲೆ ಎತ್ತದೆ, "ಅದನ್ನೆಲ್ಲ ಕೇಳ್ತಾರಾ? ಮಾಡಿ" ಅಂದರಂತೆ. ಎರಡು ತಿಂಗಳ ಹೊಟ್ಟೆನೋವಿಗೆ ಅಷ್ಟೇ ಉತ್ತರ. ಶಾಂಭವಿಗೆ ಸಿಟ್ಟು ಬಂತು. ನನಗೆ ಅದು ಒಳ್ಳೆಯ ಲಕ್ಷಣ ಅನಿಸಿತು.

ಗೇಟು ಕಷ್ಟವೇ ಆಯಿತು. ಬಾಗಿಲಲ್ಲಿ ನಿಂತಿದ್ದ ತಾಯಂದಿರಲ್ಲಿ ಒಬ್ಬರು ಇಂಗ್ಲಿಷಿನಲ್ಲೇ ಏನೋ ಕೇಳಿದರು. ಶಾಂಭವಿ ಕನ್ನಡದಲ್ಲಿ ಉತ್ತರ ಕೊಟ್ಟಳು. ಅವರು ಮತ್ತೆ ಇಂಗ್ಲಿಷ್. ಈಕೆ ಮತ್ತೆ ಕನ್ನಡ. ಮಗುವಿನ ಟಿಫಿನ್ ಡಬ್ಬಿಯ ಮುಚ್ಚಳ ಎಲ್ಲಿ ಹೋಯಿತು ಅನ್ನುವುದು ಹಾಗೆಯೇ ಇತ್ಯರ್ಥವಾಯಿತು.

ಒಟ್ಟು ಏಳು ಭೇಟಿ. ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಮೇಲ್ವಿಚಾರಕಿ ತರಗತಿಗೆ ಬರುವ ಹಿಂದಿನ ರಾತ್ರಿ ಈಗಲೂ ಬರುತ್ತದೆ, ಬೆಳಿಗ್ಗೆ ಬಸ್ಸು ಹತ್ತುವಷ್ಟರಲ್ಲಿ ಕಡಿಮೆ ಆಗುತ್ತದೆ. ಅವಸರದಲ್ಲಿ 'ಪುಟ್ ದ ಫ್ಯಾನ್' ಈಗಲೂ ಬಾಯಿಗೆ ಬರುತ್ತದಂತೆ. ನೋಟ್‌ಬುಕ್ಕಿನಲ್ಲಿ ವಾಕ್ಯಗಳು 58 ಆಗಿವೆ. ಕಂಡಕ್ಟರಿನದ್ದು ಇನ್ನೂ 11ರಲ್ಲೇ ಇದೆ ಅಂತ ಮೊನ್ನೆ ಮೆಸೇಜ್ ಮಾಡಿದ್ದಳು.