ಮನೆ ಜೋಡಿಸಲು ಹೊರಗಿನವರನ್ನು ಕರೆಯಬೇಕಾ?

ಪರದೇಶಕ್ಕೆ ಬಂದು ಮೂರು ತಿಂಗಳಾದರೂ ಅರ್ಧ ಪೆಟ್ಟಿಗೆ ಬಿಚ್ಚಿಲ್ಲ, ಜೊತೆ ಕೆಲಸದವರು ಪ್ರೊಫೆಷನಲ್ ಆರ್ಗನೈಸರ್ ಕರೆಸಿ ಅನ್ನುತ್ತಾರೆ, ಇದಕ್ಕೂ ದುಡ್ಡು ಕೊಡಬೇಕಾ ಎಂದು ಕೇಳಿದ್ದೀರಿ. ನಾನು ಬಂದು 19 ವರ್ಷವಾಯಿತು. ಎರಡು ಸಲ ಕರೆಸಿದ್ದೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇದು ಕ್ಲೀನಿಂಗ್ ಅಲ್ಲ. ಏನು ಇಟ್ಟುಕೊಳ್ಳಬೇಕು, ಎಲ್ಲಿ ಇಡಬೇಕು ಎಂದು ಪಕ್ಕದಲ್ಲಿ ಕೂತು ನಿಮ್ಮಿಂದಲೇ ತೀರ್ಮಾನ ಮಾಡಿಸುವ ಕೆಲಸ. ಅಮೆರಿಕದಲ್ಲಿ ಇವರ ಸಂಘ 1985ರಲ್ಲೇ ಶುರುವಾಯಿತು. ಅದರ ಹೆಸರು ನಾಪೋ. ಮನೆಯಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು ಎಂಬುದು ಆ ಸಂಘದ ನೀತಿಯಲ್ಲೇ ಇದೆ. ಯಾರನ್ನೇ ಕರೆದರೂ ಈ ಮಾತನ್ನು ಮೊದಲೇ ಕೇಳಿಕೊಳ್ಳಿ. ಫೋಟೋ ತೆಗೆಯುವುದಾದರೆ ನಿಮ್ಮ ಒಪ್ಪಿಗೆ ಬೇಕೇ ಬೇಕು.

ಒಳ್ಳೆಯವರು ಒಂದೇ ಥರದ್ದನ್ನೆಲ್ಲ ಮೊದಲು ಒಂದು ಕಡೆ ರಾಶಿ ಹಾಕಿಸುತ್ತಾರೆ. ಏಳು ಕತ್ತರಿ ಒಟ್ಟಿಗೆ ಕಂಡರೆ ಎಷ್ಟು ಬೇಕು ಎಂದು ನಿಮಗೇ ಗೊತ್ತಾಗುತ್ತದೆ, ಅಲ್ವಾ? ದಿನಾ ಬಳಸುವುದು ಕೈಗೆ ಸಿಗುವ ಎತ್ತರದಲ್ಲಿ, ಅಪರೂಪದ್ದು ಮೇಲೆ. ಒಂದು ಸಲಕ್ಕೆ ಮೂರ್ನಾಲ್ಕು ಗಂಟೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ತಲೆ ದಣಿಯುತ್ತದೆ, ಸುಮ್ನೆ ಎಲ್ಲದಕ್ಕೂ ಹೂಂ ಅಂದುಬಿಡುತ್ತೀರಿ.

ನನಗೆ ಆದದ್ದೇ ಅದು. ಮೊದಲು ಬಂದವರು ಅವಸರ ಮಾಡಿದರು. ಅಪ್ಪ ಬರೆದ ಪತ್ರಗಳ ಕಟ್ಟು ಬಿಸಾಡುವ ರಾಶಿಗೆ ಹೋಯಿತು. ಆ ನೋವು ಇನ್ನೂ ಇದೆ. ಎರಡನೆಯವರು ಅಂಥ ವಸ್ತು ಕಂಡ ಕೂಡಲೇ 'ಇದು ಕೊನೆಗೆ' ಎಂದು ಬೇರೆ ಪೆಟ್ಟಿಗೆಗೆ ಹಾಕಿದರು. ಊರು ಬಿಟ್ಟು ಬಂದ ಹೊಸದರಲ್ಲಿ ಮನಸ್ಸು ಹಗುರವಾಗಿರುವುದಿಲ್ಲ. ನೆನಪಿನ ವಸ್ತುಗಳನ್ನು ಈ ವರ್ಷ ಮುಟ್ಟಲೇಬೇಡಿ. ಪಾಸ್‌ಪೋರ್ಟ್, ವೀಸಾ, ಮೂಲ ಅಂಕಪಟ್ಟಿ, ಬಾಡಿಗೆ ಕರಾರು, ಇವನ್ನು ಅವರು ಬರುವ ಮೊದಲೇ ನೀವೇ ತೆಗೆದು ಒಂದು ಫೈಲಿನಲ್ಲಿಡಿ.

ಮನೆಯಿಂದಲೇ ನಡೆಸುವ ವ್ಯಾಪಾರದ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಬೀರುವಿಗಿಂತ ಕಂಪ್ಯೂಟರ್ ಫೈಲುಗಳ ಕೆಲಸವೇ ಹೆಚ್ಚು. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮೊದಲು ಬರಲಿ. ಎಲ್ಲವೂ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಇಷ್ಟನ್ನು ನೀವೇ ಮಾಡಬಹುದು.

ಹಾಂ, ಅವರು ಬರುತ್ತಾರೆಂದು ಈಗಲೇ ಪ್ಲಾಸ್ಟಿಕ್ ಡಬ್ಬ ಕೊಳ್ಳಬೇಡಿ. ಏನು ಉಳಿಯಿತು ಎಂದು ನೋಡಿ, ಶೆಲ್ಫಿನ ಅಳತೆ ತೆಗೆದು, ಆಮೇಲೆ ಕೊಳ್ಳಿ.